ಒಂಬತ್ತು ದಿನ ಕದಲದ ಸರೋವರ

ಮಾನ್ಯರೇ,

ಕಂಪ್ಯೂಟರಿನ ತಿರುಳಾದ ಕರ್ನಲ್ಲಿನ ಹೆಡರ್ ಕಡತಗಳನ್ನು ಹೇಳದೆ ಕೇಳದೆ ಹಳೆಯ ಫೋಲ್ಡರಿನಿಂದ ಬೇರೆಡೆಗೆ ಸರಿಸಿದವರು ಯಾರು? ಯಾರ ಅನುಕೂಲಕ್ಕೆ? ಸರ್ಕಾರಿ ಕಂಪ್ಯೂಟರುಗಳಿಗೆ ತಂತ್ರಾಂಶದ ಪ್ಯಾಕೇಜು ಕಟ್ಟಿ ಕಳಿಸುವ ಕಚೇರಿಯ ಮುಖ್ಯಸ್ಥರಾದ ತಮಗೆ ತಿಳಿಯದೆ ಇದು ನಡೆದಿರಲಾರದು.

ನಾನು ನಾರಿನ್ ಸೀಮೆಯ ಒಬ್ಬ ದರ್ಜಿ. ನಮ್ಮೂರ ನೆತ್ತಿಯ ಮೇಲೆ ಹಿಮನೀರಿನ ಸರೋವರವಿದೆ. ಅದು ಒಡೆದರೆ ಹರಿಯುವ ದಾರಿಯಲ್ಲಿ ಹನ್ನೊಂದು ಮನೆ, ನಮ್ಮದೂ ಸೇರಿ. ನೀರಿನ ಮಟ್ಟ ಅಳೆಯುವ ಯಂತ್ರವನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಬರೆದವರು ನನ್ನ ಗಂಡ ಸಗಿನ್. ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಹೊಸದಾಗಿ ಹೊಲಿಯಬೇಕು, ಹೆಡರುಗಳೇ ಅದರ ಅಳತೆಚೀಟಿ ಎಂದು ನನಗೆ ತಿಳಿಯುವಂತೆ ಹೇಳಿದ್ದರು. ಆ ಕೆಲಸ ತಾನಾಗಿ ನಡೆಯುವಂತೆ ಮಾಡಿಟ್ಟು ಮಾರ್ಚಿನಲ್ಲಿ ತೀರಿಕೊಂಡರು. ಅಂದಿನಿಂದ ಪರದೆಯ ಅಂಕಿಯನ್ನು ದಿನಾ ಬೆಳಿಗ್ಗೆ ದಿನಚರಿಯಲ್ಲಿ ಬರೆಯುತ್ತಿದ್ದೇನೆ.

ಜುಲೈಯಲ್ಲಿ ಹೊಸ ಕರ್ನಲ್ ಇದ್ದ ತಮ್ಮ ಪ್ಯಾಕೇಜು ಬಂತು. ಅಲ್ಲಿಂದ ಒಂಬತ್ತು ದಿನ ನೀರಿನ ಮಟ್ಟ 214 ಸೆಂಟಿಮೀಟರ್ ಎಂದೇ ಬರೆದೆ.

"ಸರೋವರ ತೆಪ್ಪಗಿದೆಯಲ್ಲಾ ಎಜೆ, ಒಳ್ಳೇದಾಯ್ತು," ಎಂದ, ನನ್ನನ್ನು ಅಕ್ಕ ಎಂದೇ ಕರೆಯುವ ಪಕ್ಕದ ಮನೆಯ ಮುಕಾಶ್.

"ಜುಲೈನಲ್ಲಿ ಯಾವ ಹಿಮ ಸುಮ್ನಿರುತ್ತಪ್ಪಾ? ಕುದುರೆ ಹತ್ತು, ನೋಡ್ಕೊಂಡ್ ಬಾ."

"ಗಂಡ ಮಾಡಿಟ್ಟಿದ್ದರ ಮೇಲೂ ಅನುಮಾನಾನಾ ನಿಮ್ಗೆ?" ಎಂದು ಗೊಣಗುತ್ತ ಹೋದವನು ಬಿಳಿಚಿಕೊಂಡು ಬಂದ. ನೀರು ದಂಡೆಯ ಅಂಚಿಗೆ ಒಂದೇ ಗೇಣು. ನೀರು ಇಳಿಯುವವರೆಗೆ ಹನ್ನೊಂದೂ ಮನೆಯವರು ನಾಲ್ಕು ದಿನ ಗುಡ್ಡದ ಮೇಲೆ ಕಳೆದೆವು.

ಆಮೇಲೆ ಶಾಲೆಯ ಗಣಿತದ ಶಿಕ್ಷಕಿ ಕಂಪ್ಯೂಟರನ್ನು ಪರೀಕ್ಷಿಸಿದರು. ಹೊಸ ಹೆಡರುಗಳು ಹೊಸ ಜಾಗದಲ್ಲಿದ್ದವು, ಹಳೆಯವು ಹಳೆಯ ಜಾಗದಲ್ಲೇ ಬಿದ್ದಿದ್ದವು. ಕಂಪ್ಯೂಟರು ಹಳೆಯ ಚೀಟಿ ಹಿಡಿದು ಡ್ರೈವರನ್ನು ಹೊಲಿದಿತ್ತು. ಕರ್ನಲ್ ಅದನ್ನು ತೊಡಲಿಲ್ಲ. ಪರದೆ ಕೊನೆಯ ಅಂಕಿಯನ್ನೇ ತೋರಿಸುತ್ತ ಕುಳಿತಿತ್ತು.

ಫೋನ್ ಮಾಡಿದಾಗ ತಮ್ಮ ಕಚೇರಿಯವರು, "ಎಲ್ಲೂ ಹೋಗಿಲ್ಲಮ್ಮಾ, ಸ್ವಲ್ಪ ಪಕ್ಕಕ್ಕಿಟ್ಟಿದೀವಿ ಅಷ್ಟೆ," ಎಂದರು. ಬದಲಾವಣೆಯ ಟಿಪ್ಪಣಿಯಲ್ಲಿ 'ಸಣ್ಣ ಓರಣ' ಎಂದಷ್ಟೇ ಇದೆ. ಓರಣ ಮಾಡಿದವರ ಹೆಸರಿಲ್ಲ. ಅದೇ ವಾರ, ಹೊಸ ಅಳತೆ ಯಂತ್ರ ಕೊಳ್ಳಿರೆಂಬ ಕರಪತ್ರ ತಮ್ಮದೇ ಮೊಹರಿನೊಂದಿಗೆ ಬಂತು. ಕಾಕತಾಳೀಯವಿರಬಹುದು. ತಾರೀಖು ಬರೆದಿಟ್ಟಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಪ್ರತಿ ಕರ್ನಲ್ಲಿನ ಹೆಡರುಗಳು ಅದರದೇ ಸಂಖ್ಯೆಯ ಹೆಸರಿನಲ್ಲಿ, ಒಂದೇ ಗೊತ್ತಾದ ಜಾಗದಲ್ಲಿರಲಿ. ಸರಿಸಲೇಬೇಕಾದರೆ ಹಳೆಯ ಜಾಗದಲ್ಲಿ ಹೊಸದಕ್ಕೆ ದಾರಿ ತೋರುವ ಕೊಂಡಿ ಬಿಡಿ. ಸರಿಸಿದವರು ಹೆಸರು ಬರೆಯಲಿ.

ಯಂತ್ರ ಈಗ ಸರಿಯಿದೆ ಎನ್ನುತ್ತಾರೆ. ಇಂದಿನ ನೀರು 231. ನಾನೇ ಹತ್ತಿ ಹೋಗಿ ದಂಡೆಯ ಅಳತೆಗೋಲಿನಲ್ಲಿ ನೋಡಿದ್ದು.

ಇಂತಿ,
ಪರದೆಯನ್ನು ನಂಬಲಾರದ,
ಸಗಿನನ ಹೆಂಡತಿ ಉಮ್ಸುನೈ