ಕಾರು ಹೂಂ ಅಂದದ್ದು

ಮನೆಯಿಂದ,
ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಪುಟ್ಟಿಗೆ,

ಅಪ್ಪನ ತುಂಬು ಆಶೀರ್ವಾದ. ಹೇಗಿದ್ದೀಯ? ಕತ್ತುನೋವು ಇಳಿಯಿತಾ? ಬಿಸಿನೀರಿನ ಚೀಲ ಇಟ್ಟುಕೋ ಎಂದರೆ ಇಟ್ಟುಕೊಳ್ಳುವವಳಲ್ಲ ನೀನು, ಥೇಟ್ ಅಮ್ಮನ ಮಗಳು. ಅಳಿಯಂದಿರಿಗೆ ರಾತ್ರಿ ಪಾಳಿ ತಪ್ಪಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ, ಈಗೀಗ ಸೊಂಟವೂ ಮಂಡಿಯ ಪಕ್ಷಕ್ಕೆ ಸೇರಿಕೊಂಡಿದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ಕೇಳುತ್ತೀಯ. ಫೋನ್ ಕೈಗೆ ಬಂದರೆ ಅಪ್ಪನಿಗೆ 'ಹೂಂ' ಬಿಟ್ಟು ಬೇರೆ ಮಾತೇ ಹುಟ್ಟುವುದಿಲ್ಲ ಎಂದು ಆಡಿಕೊಳ್ಳುವವಳು ನೀನೇ ಅಲ್ಲವೇ, ಅದಕ್ಕೆ.

ತಿಂಗಳ ಕೊನೆಗೆ ಕಾರು ಕೊಳ್ಳುವವರು ಬರುತ್ತಾರೆ ಎಂಬ ನಿನ್ನ ಮೆಸೇಜು ಸಿಕ್ಕಿತು. ಹಳೆಯ ಕಾರುಗಳನ್ನು ಅಕ್ಕರೆಯಿಂದ ನೋಡಿಕೊಳ್ಳುವ ಜನ ಎಂದಿದ್ದೀಯ. ಇರಬಹುದು. ನಾನು ಒಪ್ಪಿದ್ದು ನಿನಗೆ ಎಷ್ಟು ನೆಮ್ಮದಿಯಾಯಿತು ಎಂದೂ ಬರೆದಿದ್ದೀಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾರಿಗೆ ಏನಾಗಿತ್ತು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಎಲ್ಲಿಂದಲೋ ಶುರುಮಾಡಿ ಇನ್ನೆಲ್ಲಿಗೋ ಹೋಗುತ್ತೇನೆ.

ಆ ಬದನೆಕಾಯಿ ಬಣ್ಣದ ಎರಡು ಬಾಗಿಲಿನ ಗಾಡಿಯನ್ನು ನಿಮ್ಮಮ್ಮ ಮನೆಗೆ ತಂದ ದಿನ 'ಇದು ಪರ್ಫಾರ್ಮೆನ್ಸ್ ಕಾರು ರೀ' ಎಂದಿದ್ದಳು. ನಾನು ಕಾಲೇಜಿನಲ್ಲಿ ಓದಿದ ಇಂಗ್ಲಿಷಿನಲ್ಲಿ ಪರ್ಫಾರ್ಮೆನ್ಸ್ ಎಂದರೆ ನಾಟಕ. ಹಾಗೆಂದದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಈಗ ನೋಡಿದರೆ ನನ್ನ ಅರ್ಥವೇ ಸರಿ. ಅವಳು ಹೋದಮೇಲೆ ಅದು ಆಡಿದ್ದೆಲ್ಲ ನಾಟಕವೇ. ವಾರಕ್ಕೊಮ್ಮೆ ನೀರಿನ ಟ್ಯಾಂಕಿನವರೆಗೆ ಓಡಿಸಿ ತರುತ್ತಿದ್ದೆ. ಏರು ಬಂದು ಆಕ್ಸಿಲರೇಟರ್ ಒತ್ತಿದರೆ ಸಾಕು, ಮೆಟ್ಟಿಲು ಹತ್ತಿದ ನನ್ನ ಹಾಗೆ ಏದುಸಿರು ಬಿಡುವುದು. ಕೊನೆಗೊಂದು ದಿನ ನಿಂತಲ್ಲೇ ನಿಂತಿತು. ಸೆಲ್ಫ್ ತಿರುಗುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಸದ್ದು ನಿಂತುಹೋಗಿತ್ತು. ಕೀಲಿಯನ್ನು ಅರ್ಧ ತಿರುಗಿಸಿದರೆ ಹಿಂದಿನ ಸೀಟಿನ ಕೆಳಗಿಂದ ಒಂದು ಸದ್ದು ಬರುತ್ತಿತ್ತಲ್ಲ, ನೆನಪಿದೆಯಾ? ಟ್ಯಾಂಕಿನೊಳಗಿನ ಪಂಪು ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಸದ್ದು. ಗಂಟಲಲ್ಲೇ 'ಹೂಂ' ಎಂದ ಹಾಗೆ ಒಂದೇ ಸಲ, ಆಮೇಲೆ ಸುಮ್ಮನೆ. ಅದು ಹೂಂ ಅನ್ನುವವರೆಗೆ ನಿಮ್ಮಮ್ಮ ಗಾಡಿ ಸ್ಟಾರ್ಟ್ ಮಾಡಿದವಳಲ್ಲ. 'ತಡೀರಿ, ಅದನ್ನೂ ಒಂದು ಮಾತು ಕೇಳೋಣ' ಅನ್ನುವಳು. ಸಂಜೆ ಗುಡ್ಡದ ರಸ್ತೆಗೆ ಹೋಗೋಣವೆಂದು ಅವಳು ಹೊರಡುವುದು, ಈಗ ಬೇಡ ಎಂದು ನಾನು ರಾಗ ತೆಗೆಯುವುದು, ಅವಳು ಕೀಲಿ ತಿರುಗಿಸುವುದು, ಕಾರು ಹೂಂ ಅನ್ನುವುದು. 'ನಾವಿಬ್ಬರು, ನೀವೊಬ್ಬರು' ಎಂದವಳೇ ಹೊರಟುಬಿಡುವಳು. ಹಿಂದಿನ ಸೀಟಿನಲ್ಲಿ ನಿನ್ನ ಚಪ್ಪಾಳೆ ಬೇರೆ. ಈ ಸಂಸಾರದಲ್ಲಿ ನಾನು ಸೋತಷ್ಟು ಎಲೆಕ್ಷನ್ನು ಯಾರೂ ಸೋತಿರಲಿಕ್ಕಿಲ್ಲ.

ನೀನು ಸಣ್ಣವಳಿದ್ದಾಗ ಸ್ಪ್ಯಾನರ್ ಮಾಮ ಎಂದು ಹೆಸರಿಟ್ಟ ಮೆಕ್ಯಾನಿಕ್ ಬಂದು ಟ್ಯಾಂಕಿನ ತಳಕ್ಕೆ ಮರದ ಸುತ್ತಿಗೆಯಲ್ಲಿ ನಾಲ್ಕು ತಟ್ಟಿದ, ಕಿವಿಗೊಟ್ಟ, ಪಂಪು ಸತ್ತಿದೆ, ಹೊಸದು ತರಬೇಕು ಎಂದ. ಅವನನ್ನು ನಂಬಿ ಕೂತರೆ ಆದೀತೇ ಎಂದು ನಾನೇ ಹೊರಟೆ. ಬಿಡಿಭಾಗದ ಅಂಗಡಿಯವನ ಹತ್ತಿರ 'ಪೆಟ್ರೋಲ್ ಪಂಪ್ ಬೇಕಿತ್ತು' ಎಂದರೆ ಅವನು ತಲೆಯನ್ನೂ ಎತ್ತದೆ 'ಸರ್ಕಲ್ ದಾಟಿ ಎಡಕ್ಕೆ' ಎಂದ. ಎಷ್ಟೋ ದೂರ ನಡೆದು ನೋಡುತ್ತೇನೆ, ಪೆಟ್ರೋಲ್ ಹಾಕುವ ಬಂಕು. ಅಲ್ಲಿನ ಹುಡುಗಿ ಪೈಪು ಹಿಡಿದು 'ಗಾಡಿ ಎಲ್ಲಿ ಅಂಕಲ್' ಅನ್ನುತ್ತಾಳೆ. ವಾಪಸ್ ಬಂದು 'ಫ್ಯೂಯೆಲ್ ಪಂಪ್' ಎಂದೆ. 'ಮೊದಲೇ ಕನ್ನಡದಲ್ಲಿ ಹೇಳಬಾರದಾ ಸಾರ್' ಎಂದ ಪುಣ್ಯಾತ್ಮ. ಅಂತೂ ಹೊಂದುವಂಥದ್ದು ತರಿಸಿಕೊಟ್ಟ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆವು. ಬ್ಯಾಟರಿ ಕಳಚಿ, ಹಿಂದಿನ ಸೀಟು ಎತ್ತಿದರೆ ಕೆಳಗೆ ಚಾಕೊಲೇಟ್ ಕಾಗದಗಳ ರಾಶಿ. ಸಣ್ಣವಳಿದ್ದಾಗ 'ನಾನು ತಿಂದೇ ಇಲ್ಲ' ಎಂದು ಆಣೆ ಇಟ್ಟು ಅತ್ತಿದ್ದೆಯಲ್ಲ, ಎಲ್ಲವೂ ಸಿಕ್ಕಿವೆ. ಅದರ ಕೆಳಗೆ ತಗಡಿನ ಮುಚ್ಚಳ, ಮುಚ್ಚಳದ ಕೆಳಗೆ ಪಂಪಿನ ತಲೆ, ಒಣಗಿ ಕಡ್ಡಿಯಾದ ಎರಡು ರಬ್ಬರ್ ಪೈಪು. ಅದನ್ನೆಲ್ಲ ಬಿಡಿಸುವಷ್ಟರಲ್ಲಿ ನನ್ನ ಸೊಂಟದ ಕಥೆ ಮುಗಿದಿತ್ತು. ನಾನು ಟಾರ್ಚ್ ಹಿಡಿಯುವುದು, ಅವನು ಗೊಣಗುವುದು. 'ಮೇಡಂ ಇದ್ದಿದ್ರೆ ಇಷ್ಟೊತ್ತಿಗೆ ಜನ್ಮ ಜಾಲಾಡಿರೋರು ಸಾರ್. ಬೈಸ್ಕೊಳ್ಳದೆ ನಂಗೆ ಕೈಯೇ ಓಡಲ್ಲ' ಎಂದ. ಆಗಲಿ ಎಂದು 'ಬೇಗ ಮಾಡಯ್ಯಾ' ಎಂದೆ. 'ಇದು ಬೈಗುಳ ಅಲ್ಲ ಸಾರ್, ರಿಕ್ವೆಸ್ಟು' ಎಂದುಬಿಟ್ಟ. ಹಳೆಯ ಪಂಪನ್ನು ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಿದ. ಅದರ ಜಾಲರಿ ಕಾಡಿಗೆಯಂತಾಗಿತ್ತು. ಹೊಸದನ್ನು ಇಳಿಸಿ, ಬಿಗಿದು, ಕೈ ಒರೆಸಿಕೊಂಡು ನೋಡಿದರೆ ಪಂಪಿನ ತಲೆಯ ಕೆಳಗೆ ಕೂರಬೇಕಾದ ಹೊಸ ರಬ್ಬರ್ ರಿಂಗು ನನ್ನ ಜೇಬಿನಲ್ಲೇ ಇದೆ. ಜೋಪಾನವಾಗಿರಲಿ ಎಂದು ಅವನೇ ಕೊಟ್ಟಿದ್ದು, ಇಬ್ಬರೂ ಮರೆತಿದ್ದು. ಮತ್ತೆ ಎಲ್ಲ ಬಿಚ್ಚಿ, ಮತ್ತೆ ಎಲ್ಲ ಕೂಡಿಸಿ, ಬ್ಯಾಟರಿ ಜೋಡಿಸಿದೆವು. ಅವನು ಮುಂದೆ ಕೀಲಿ ಹಿಡಿದು ಕೂತ, ನಾನು ಹಿಂದೆ ಪಂಪಿನ ಮುಚ್ಚಳಕ್ಕೆ ಕಿವಿ ಇಟ್ಟೆ. ಅಷ್ಟರಲ್ಲಿ ನಿನ್ನ ಫೋನು.

ಕೈತುಂಬ ಗ್ರೀಸು. ಫೋನನ್ನು ಮುಚ್ಚಳದ ಪಕ್ಕದಲ್ಲೇ ಇಟ್ಟು ಮೊಣಕೈಯಲ್ಲಿ ಸ್ಪೀಕರ್ ಒತ್ತಿದೆ. 'ಅಪ್ಪಾ, ಆ ಕಾರು ಕೊಟ್ಟುಬಿಡೋಣ ಅಲ್ವಾ? ಸುಮ್ನೆ ಯಾಕೆ ಒದ್ದಾಡ್ತೀಯ?' ಎಂದೆ ನೀನು. ನಮ್ಮ ಕಾಲೇಜಿನ ಇಂಗ್ಲಿಷಿನಲ್ಲಿ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಂದು ಎರಡಿದ್ದವು. ಯಾರು ಮಾಡಿದರು ಎಂದು ಹೇಳದೆ ವಾಕ್ಯ ಮುಗಿಸುವುದು ಅವೆರಡರಲ್ಲಿ ಯಾವುದೋ ಒಂದು. ಆ ವಾಯ್ಸಿನಲ್ಲಿ ಬರೆಯುವುದಾದರೆ, 'ಹೂಂ' ಎಂದು ಹೇಳಲ್ಪಟ್ಟಿತು. 'ಸರಿ ಅಪ್ಪ, ನಿನ್ನ ಬಾಯಿಂದಲೇ ಬಂತಲ್ಲ, ಸಾಕು' ಎಂದು ನೀನು ಇಟ್ಟುಬಿಟ್ಟೆ.

ಮರುಕ್ಷಣವೇ ನಾನು ನಿನಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ದಣಿವಾಗಿತ್ತು ಪುಟ್ಟಿ. ನೀನು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಕತ್ತಲಾದರೆ ನನಗೆ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ, ಆ ಕ್ಲಚ್ಚು ಒತ್ತಲು ಮಂಡಿ ಒಪ್ಪುವುದಿಲ್ಲ, ಇಷ್ಟಕ್ಕೂ ನೀರಿನ ಟ್ಯಾಂಕಿನವರೆಗೆ ಓಡಿಸಿದ್ದು ಬಿಟ್ಟರೆ ಆ ಗಾಡಿಗೆ ನಾನೆಂದೂ ಡ್ರೈವರ್ ಆಗಿರಲಿಲ್ಲ. ಊಟ ಆಯ್ತಾ ಎಂದರೆ ಹೂಂ, ಮಾತ್ರೆ ತಗೊಂಡ್ಯಾ ಎಂದರೆ ಹೂಂ. ಬೇಡ ಎಂದು ಹಟ ಮಾಡಬೇಕಾದರೆ ಎದುರಿಗೊಬ್ಬರು ಇರಬೇಕು. ಒಬ್ಬನೇ ಇರುವವನಿಗೆ ಎಲ್ಲದಕ್ಕೂ ಹೂಂ ಅನ್ನುವುದೇ ಸಲೀಸು. ಮಾಮ ಹೋದಮೇಲೆ ಕಾರಿನೊಳಗೆ ಹೋಗಿ ಎಂದಿನ ಹಾಗೆ ಪಕ್ಕದ ಸೀಟಿನಲ್ಲೇ ಕೂತೆ. ಅಲ್ಲಿಂದಲೇ ಕೈಚಾಚಿ ಕೀಲಿ ತಿರುಗಿಸಿದೆ. ಹೂಂ ಅಂದಿತು. ಆರಿಸಿ ಇನ್ನೊಮ್ಮೆ ತಿರುಗಿಸಿದೆ. ಎಷ್ಟು ಸಲ ಎಂದು ಕೇಳಬೇಡ, ಅದು ನನಗೂ ಬ್ಯಾಟರಿಗೂ ಬಿಟ್ಟ ವಿಷಯ.

ಇನ್ನೇನು, ಹಾಳೆ ತುಂಬಿತು. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ನಿದ್ದೆಗೆಟ್ಟು ದುಡಿಯಬೇಡಿ ಇಬ್ಬರೂ. ನಿನ್ನ ಕತ್ತು, ನಿನ್ನ ಮನಸ್ಸು ಎರಡೂ ಹಗುರವಾಗಿರಲಿ ಎಂದು ಬಯಸುವ

ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಾಕುವ ಮೊದಲು ಇದನ್ನು ಸೇರಿಸುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ. ಭಾನುವಾರ ನೀನು ಕೇಳಿಸಿಕೊಂಡ ಹೂಂ ನನ್ನದಲ್ಲ. ಮಾಮ ಮುಂದೆ ಕೀಲಿ ತಿರುಗಿಸಿದ, ಅದು ಪಂಪಿನದು. ನನ್ನ ದನಿಗೂ ಅದರ ದನಿಗೂ ನಿನಗೆ ವ್ಯತ್ಯಾಸ ತಿಳಿಯಲಿಲ್ಲವೆಂದು ಬೇಜಾರಿಲ್ಲ, ನಿಮ್ಮಮ್ಮನಿಗೂ ಅದರ ಮಾತೇ ಹೆಚ್ಚು ಕೇಳಿಸುತ್ತಿತ್ತು. ಕೊಳ್ಳುವವರಿಗೆ ಬರಬೇಡಿ ಎಂದು ಹೇಳು. ಬಿಡುವಾದಾಗ ನೀನು ಬಾ; ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ನಿಧಾನ, ನಿಧಾನ ಅನ್ನುತ್ತೇನೆ. ಈ ಮನೆಯಲ್ಲಿ ಕಾರು ಹೂಂ ಅಂದಮೇಲೆ ನನ್ನ ಮಾತು ಇವತ್ತಿನವರೆಗೆ ನಡೆದಿಲ್ಲ. ಇದೊಂದು ಸಲ ನನ್ನದನ್ನೂ ಕೇಳಿಸಿಕೋ ಪುಟ್ಟಿ: ಊಹೂಂ.