ಪರದೆಯಾಚೆಯ ಎಣಿಕೆ

ನವೆಂಬರ್ ೩, ಬೆಳಿಗ್ಗೆ ೫.೩೦

ಇವರಿಗೆ ಬಿಸಿನೀರು ಕೊಟ್ಟಾಯಿತು. ಬೆನ್ನಿಗೆ ಮೂರು ದಿಂಬು. ಎಂದಿನಂತೆ ಎಣಿಸಿದೆ — ನಾಲ್ಕಕ್ಕೆ ಉಸಿರು ಒಳಗೆ, ಎಂಟಕ್ಕೆ ಹೊರಗೆ. ಐದಕ್ಕೇ ಇವರಿಗೆ ಕೆಮ್ಮು. ಜೂನ್‌ನ ಜ್ವರದ ಮೇಲೆ ಶ್ವಾಸಕೋಶ ಅರ್ಧ ಉಳಿದಿದೆ ಅಂತ ಡಾಕ್ಟರು. ಗಾಬರಿಬಿದ್ದರೆ ಆ ಅರ್ಧವೂ ಕೈಕೊಡುತ್ತದಂತೆ.

ಆಮೇಲೆ ಬಾಗಿಲ ಪರದೆಯಾಚೆ ಹೇಮಂತಿ ಬಂದಳು. ಮೈದುನನ ಹೆಂಡತಿ. ಇಲ್ಲಿಯ ಪದ್ಧತಿಯಂತೆ ಭಾವನಿಗೆ ಮುಖ ತೋರಿಸುವಂತಿಲ್ಲ, ಮುಟ್ಟುವಂತಿಲ್ಲ. ಅಲ್ಲೇ ನಿಂತು ಎಣಿಸಿದಳು. "ಒಂದೂ... ಎರಡೂ..." ಎಂಟರವರೆಗೂ ಹೋದರು ಇವರು! ಋಷಿಕೇಶಕ್ಕೆ ಮೊನ್ನೆ ಮೊನ್ನೆ ಬಂದು, ಆಶ್ರಮದ ನೆಲ ಒರೆಸುತ್ತಾ ಕೇಳಿ ಕಲಿತವಳು. ನಾನು ಹದಿನೈದು ದಿನ ಗುರುಗಳೆದುರೇ ಕೂತು ಪ್ರಾಣಾಯಾಮ ಕಲಿತವಳು. ಹೊಟ್ಟೆ ಉರಿಯಿತು. ಬರೆದುಬಿಟ್ಟೆ, ಇರಲಿ.

ನವೆಂಬರ್ ೪

ಇವತ್ತೂ ಅದೇ. ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದರು. ಇಪ್ಪತ್ತೆರಡು ವರ್ಷದ ಸಂಸಾರ... ನನ್ನ ಮಾತಿಗೆ ಕಣ್ಣು ಮುಚ್ಚಿದ್ದು ನಿದ್ದೆ ಬಂದಾಗ ಮಾತ್ರ.

"ಅಷ್ಟು ಹಿತವಾ ಆ ದನಿ?"

"ಅವಳು ಎಣಿಸ್ತಾಳೆ. ನೀನು ಅಟ್ಟಿಸ್ಕೊಂಡು ಬರ್ತೀಯ ಕಣೇ."

ರಾಗಿ ರೊಟ್ಟಿ ಸೀದುಹೋಯಿತು. ಬೇಕಂತಲೇ ಅದನ್ನೇ ಬಡಿಸಿದೆ.

ನವೆಂಬರ್ ೯

ನಾಲ್ಕು ದಿನ ಬರೆಯಲಿಲ್ಲ. ಇವತ್ತು ಹೇಮಂತಿಗೆ ಅಂದೇಬಿಟ್ಟೆ — "ಭಾವನ ಮುಂದೆ ಮುಖಕ್ಕೆ ಸೆರಗು, ದನಿಗಿಲ್ವೇನೇ ನಿಂಗೆ?"

ಹೇಮಂತಿ ಬಕೆಟ್ ಕೆಳಗಿಟ್ಟಳು. "ಸರಿ ದೀದಿ" ಅಂದಳು, ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಪೌಡಿಗೆ, ತವರಿಗೆ ಹೊರಟುಹೋದಳು. ಗೆದ್ದೆ ಅನ್ನಿಸಿತು. ಊಟ ಸೇರಲಿಲ್ಲ.

ನವೆಂಬರ್ ೧೧, ಮಧ್ಯಾಹ್ನ, ಆಸ್ಪತ್ರೆ

ಬೆಳಿಗ್ಗೆ ಹನ್ನೊಂದು ಗಂಟೆಗೆ ಇವರಿಗೆ ಉಸಿರು ಕಟ್ಟಿತು. ತುಟಿ ನೀಲಿ. ಇನ್ಹೇಲರ್ ಕೊಟ್ಟೆ. ಆಂಬುಲೆನ್ಸ್ ಬರಲು ಅರ್ಧ ಗಂಟೆ — ಸೇತುವೆ ಹತ್ತಿರ ಜಾಮ್ ಅಂತೆ. ಎಣಿಸಿದೆ, ಎಣಿಕೆ ಓಡಿತು. ಇವರ ಕಣ್ಣು ಪರದೆಯ ಕಡೆಗೆ ಹೋಯಿತು. ಆಗಲೂ! ಜೀವ ಹೋಗುವಾಗಲೂ ಅವಳೇ ಬೇಕಾ!

ಸಿಟ್ಟಿಗೆ ಇವರ ಕೈ ಎಳೆದು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಅವಳಿಗೆ ಮಾಡಲಾಗದ್ದು ಅದೊಂದೇ.

ಒತ್ತಿದಾಗ ಗೊತ್ತಾಯಿತು, ನಾನೇ ಉಸಿರು ಬಿಗಿಹಿಡಿದಿದ್ದೆ. ಜೂನ್‌ನಿಂದಲೂ ಹಿಡಿದೇ ಇದ್ದೆನೇನೋ. ಎಣಿಸುವುದು ನಿಲ್ಲಿಸಿದೆ. ಸುಮ್ಮನೆ ಉಸಿರು ಬಿಟ್ಟೆ. ನಿಧಾನಕ್ಕೆ. ಇವರ ಅಂಗೈ ಏರಿತು, ಇಳಿಯಿತು. ಹತ್ತನೇ ಸಲಕ್ಕೋ ಏನೋ, ಇವರ ಉಸಿರೂ ಜೊತೆಗೆ ಇಳಿಯಿತು.

ನವೆಂಬರ್ ೧೨

ಕೇಳಿಯೇಬಿಟ್ಟೆ, ಪರದೆ ಯಾಕೆ ನೋಡಿದಿರಿ ಅಂತ.

"ಅವಳಿದ್ದಿದ್ರೆ ನಿನ್ನ ಹಿಡ್ಕೋತಿದ್ಲು ಅಂತ. ನೀನೇ ಬಿದ್ದುಹೋಗೋ ಹಾಗಿದ್ದೆ."

ನವೆಂಬರ್ ೧೬, ಬೆಳಿಗ್ಗೆ ೫.೩೦

ಮನೆ. ಮೊನ್ನೆ ಹೇಮಂತಿಗೆ ಫೋನ್ ಮಾಡಿದ್ದೆ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ. "ರೊಟ್ಟಿ ಸೀದುಹೋಗ್ತಿದೆ, ಬಾರೇ" ಅಂದೆ. ನಕ್ಕಳು. ನಿನ್ನೆ ಬಂದಳು.

ಈಗ ಪರದೆಯಾಚೆ ಬಳೆಯ ಸದ್ದು. ಇನ್ನೂ ಸ್ವಲ್ಪ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

"ದೀದಿ, ಎಣಿಸ್ಲಾ?"

"ಎಣಿಸು. ನನ್ನನ್ನೂ ಸೇರಿಸ್ಕೊಂಡು."

ಇವರು ನನ್ನ ಹೊಟ್ಟೆಯ ಕಡೆಗೆ ಕೈ ಚಾಚಿದ್ದಾರೆ. ಪೆನ್ನು ಕೆಳಗಿಡಬೇಕು. ಇವರ ಅಂಗೈ ಇನ್ನೂ ತಣ್ಣಗಿದೆ... ಒಂದೂ —