ಎಣಿಕೆಯಲ್ಲಿ ಶ್ರೀಮಂತವಾದ ಊರಿನಿಂದ

ಮಾನ್ಯ ಕೌಂಟಿ ಆರೋಗ್ಯ ಅನುದಾನ ಅಧಿಕಾರಿಗಳೇ,

ನಮ್ಮ ಟಾಲಿವರ್ ಲ್ಯಾಂಡಿಂಗ್ ಈಗ ಬಡ ಊರಲ್ಲ ಎಂದು ತೀರ್ಮಾನಿಸಿ, ಏಳು ಜನರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ವ್ಯಾನನ್ನು ನೀವು ನಿಲ್ಲಿಸಿದ್ದೀರಿ. ಆ ಏಳರಲ್ಲಿ ನನ್ನ ತಮ್ಮ ಕ್ಲಿಯೋಫಸ್ ಒಬ್ಬ. ಆಸ್ಪತ್ರೆ ನಲವತ್ತಾರು ಮೈಲಿ ದೂರ. ಶ್ರೀಮಂತರಾದ ಸಂತೋಷಕ್ಕೆ ನಡೆದೇ ಹೋಗಲಿ ಎಂದು ತಮ್ಮ ಅಭಿಪ್ರಾಯವೇ?

ತಾವು ಕಳಿಸಿದ ಪತ್ರವನ್ನು ಮೂರು ಸಲ ಓದಿದೆ. ಹೋದ ಗಣತಿಯಲ್ಲಿ ಆರುನೂರ ನಲವತ್ತು ಇದ್ದ ಜನಸಂಖ್ಯೆ ಮುನ್ನೂರ ತೊಂಬತ್ತೊಂದಕ್ಕೆ ಇಳಿದಿದೆಯಂತೆ. ನೂರಕ್ಕೆ ಎಂಬತ್ತರಷ್ಟಿದ್ದ ಕರಿಯರು ಅರವತ್ತೇಳಾಗಿದ್ದೇವಂತೆ. ತಲಾ ಆದಾಯ ಮಾತ್ರ ಕಾಲುಭಾಗ ಏರಿದೆಯಂತೆ. ಸ್ವಾಮಿ, ಊರಿನಲ್ಲಿ ಒಬ್ಬರ ಕೂಲಿಯೂ ಹೆಚ್ಚಿಲ್ಲ. ಬಡವರನ್ನು ಎಣಿಸದೆ ಬಿಟ್ಟರೆ ಉಳಿದವರ ಸರಾಸರಿ ಏರದೆ ಇನ್ನೇನಾಗುತ್ತದೆ? ಬಡತನ ನಿರ್ಮೂಲನೆಗೆ ಇಷ್ಟು ಸುಲಭದ ಉಪಾಯ ಇದೆ ಎಂದು ನಮಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ರೈಲು ಹಳಿಯ ಈಚೆಗಿರುವ ನಮ್ಮ ಕರಿಯರ ಮನೆಗಳಲ್ಲಿ ಮುಂದಿನ ಬಾಗಿಲನ್ನು ಯಾರೂ ಬಳಸುವುದಿಲ್ಲ. ಅದಕ್ಕೆ ಸೋಫಾ ಅಡ್ಡ ಇಟ್ಟು ಎಷ್ಟೋ ವರ್ಷವಾಯಿತು. ನೆಂಟರು, ನೆರೆಯವರು, ಪಾದ್ರಿಗಳು ಎಲ್ಲರೂ ಅಡುಗೆಮನೆಯ ಬಾಗಿಲಿನಿಂದಲೇ ಬರುತ್ತಾರೆ. ಮುಂದಿನ ಬಾಗಿಲು ತಟ್ಟುವುದು ಪೊಲೀಸರು, ಇಲ್ಲವೇ ಮನೆ ಖಾಲಿ ಮಾಡಿಸುವವರು. ಗಣತಿಯ ಹುಡುಗಿ ಪಾಪ, ಬಿಸಿಲಿನಲ್ಲಿ ನಿಂತು ಆ ಬಾಗಿಲನ್ನೇ ತಟ್ಟಿದಳು. ನಾನು ಹುರಿಯುತ್ತಿದ್ದ ಮೀನು ಬಿಟ್ಟು ಅವಳನ್ನು ಕರೆಯಲು ಹೊರಟಾಗ ಕ್ಲಿಯೋಫಸ್ ಪರದೆ ಸರಿಸಿ ನೋಡಿ ಪಿಸುಗುಟ್ಟಿದ: "ಮುಂದ್ಗಡೆ ಬಂದವ್ಳೆ ಅಂದ್ರೆ ನಮ್ಮೋಳಲ್ಲ ಅಕ್ಕ. ಸುಮ್ನಿರು, ಹೋಗ್ತಾಳೆ."

ಹೋದಳು. ಮೂರು ಸಲ ಬಂದು ಮೂರು ಸಲವೂ ಹೋದಳು. ನಾವು ಸುಮ್ಮನಿದ್ದುದನ್ನು ನೋಡಿ ಬೀದಿಯವರೂ ಓಗೊಡಲಿಲ್ಲ. ನಮ್ಮ ಬೀದಿಯ ಮನೆಗಳೆಲ್ಲ ಖಾಲಿ ಎಂದು ಬರೆದುಕೊಂಡಳು. ಕೆರೆಯ ದಂಡೆಯ ಬಿಳಿಯರ ಮನೆಗಳಿಗೆ ಕರೆಗಂಟೆ ಇದೆ, ಅಲ್ಲಿ ಎಲ್ಲರೂ ಎಣಿಕೆಗೆ ಸಿಕ್ಕರು. ಅವರ ಮೇಲೆ ನನಗೆ ಕೋಪವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನಿಮ್ಮ ವೈದ್ಯದ ಮೇಲೆ ಕೋಪ. ಹೆದರಿ ಬಾಗಿಲು ತೆಗೆಯದವರಿಗೆ ಮೂತ್ರಪಿಂಡ ಕೆಡುವುದಿಲ್ಲವೆಂದು ಯಾವ ಪುಸ್ತಕದಲ್ಲಿ ಓದಿದಿರಿ?

ಹೋದ ತಿಂಗಳು ನಿಮ್ಮ ಕಚೇರಿಗೇ ಬಂದೆ. ಏಳು ಜನರ ಹೆಸರು, ವಿಳಾಸ, ವೈದ್ಯರ ಚೀಟಿ ಎಲ್ಲವನ್ನೂ ಮೇಜಿನ ಮೇಲೆ ಇಟ್ಟೆ. ನಿಮ್ಮ ಗುಮಾಸ್ತೆ ಮೃದುವಾಗಿಯೇ ಹೇಳಿದರು: "ದಾಖಲೆಲಿ ಬಂದಿರೋ ಅಂಕಿ ನಾವು ತಿದ್ದೋಕಾಗಲ್ಲ ಮೇಡಂ. ಮುಂದಿನ ಗಣತೀಲಿ ಸರಿಹೋಗುತ್ತೆ." ಮುಂದಿನ ಗಣತಿಗೆ ಎಂಟು ವರ್ಷವಿದೆ. ವೈದ್ಯರು ಕ್ಲಿಯೋಫಸ್‌ಗೆ ಒಂದು ಸಲವೂ ತಪ್ಪಿಸಬೇಡ ಎಂದಿದ್ದಾರೆ. ಇದಕ್ಕಿಂತ ಮೂಗಿಗೆ ತುಪ್ಪ ಸವರುವುದು ಇನ್ನು ಹೇಗೆ?

ಈಗ ನೆರೆಯ ಹ್ಯಾಟಿಯ ಹಳೆಯ ಟ್ರಕ್ಕಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ರೋಗಿಗಳೇ ಚರ್ಚಿನ ಮೆಟ್ಟಿಲ ಮೇಲೆ ಕುಳಿತು ತೀರ್ಮಾನಿಸುತ್ತಾರೆ. ಮೊನ್ನೆ ಗುರುವಾರ ತನ್ನ ಸರದಿಯನ್ನು ಕ್ಲಿಯೋಫಸ್ ಬೇರೆಯವರಿಗೆ ಕೊಟ್ಟು ಬಂದ. ನಾನು ಬೈದೆ. ಊದಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಅವನು ಹೇಳಿದ: "ಅವತ್ತು ನಿನ್ನ ತಡ್ದೋನು ನಾನೇ ಅಲ್ವಾ ಅಕ್ಕ? ಬೀದೀನೂ ನನ್ನ ನೋಡೇ ಬಾಯಿ ಮುಚ್ಕೊಂಡಿದ್ದು." ನನಗೆ ಅಳು ತಡೆಯಲಾಗಲಿಲ್ಲ. ಹೆದರಿದ್ದು ಅವನ ತಪ್ಪಾದರೆ, ಹೆದರುವಂತೆ ಮಾಡಿದ್ದು ಯಾರ ತಪ್ಪು?

ಅಂಕಿಯನ್ನು ನಿಮಗೆ ಪುರುಸೊತ್ತಾದಾಗ ತಿದ್ದಿಕೊಳ್ಳಿ. ವ್ಯಾನನ್ನು ಮಾತ್ರ ಈ ಶನಿವಾರ ಬೆಳಿಗ್ಗೆಯೇ ಕಳಿಸಿ. ಅದೂ ಆಗದಿದ್ದರೆ ಏನನ್ನೂ ತಿದ್ದಬೇಡಿ, ಸುಮ್ಮನೆ ಕಾಯಿರಿ. ಒಬ್ಬೊಬ್ಬರಾಗಿ ನಾವೇ ಕಡಿಮೆಯಾಗಿ, ಒಂದು ದಿನ ನಿಮ್ಮ ಲೆಕ್ಕವನ್ನು ನಿಜ ಮಾಡಿಕೊಡುತ್ತೇವೆ.

ಇಂತಿ,
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ತಲೆ ಎಣಿಸಿ ಬಡಿಸಿ, ಒಂದು ಮಗುವನ್ನೂ ಬಿಡದ
ಯೂಲಾ ಪರ್ನೆಲ್